ಮಾತು ಬಾರದವರೋ, ಮಾತು ಬೇಡದವರೋ?

ಗಲ್ಲಾಪೆಟ್ಟಿಗೆಯ ಹಿಂದೆ ಹಲವು ವರುಷ ಕುಳಿತವನಿಗೆ ಮನುಷ್ಯ ಸ್ವಭಾವದ ಪರಿಚಯ ಆಗದೆ ಹೋಗದು. ಕೆಲವರು ಒಳಗೆ ಕಾಲಿಡುತ್ತಲೇ ಹೊಟೇಲನ್ನೆಲ್ಲ ಮಾತನಾಡಿಸುವರು. ಕೆಲವರು ಮೂಲೆಯ ಮೇಜನ್ನೇ ಹುಡುಕಿ, ಗೋಡೆಗೆ ಮುಖಮಾಡಿ ಕಾಫಿ ಕುಡಿದು, ಚಿಲ್ಲರೆ ಎಣಿಸಿಟ್ಟು ಹೊರಟುಹೋಗುವರು. ಈ ಎರಡನೆಯವರನ್ನು ನಾವು ಬಹುಕಾಲ ಬಿಗುಮಾನದವರೆಂದೇ ತಿಳಿದಿದ್ದೆವು. ಆ ತಿಳಿವಳಿಕೆಯ ಫಲವಾಗಿ ನಮ್ಮಿಂದ ಒಂದು ತಪ್ಪೂ ನಡೆದುಹೋಯಿತು.

ಕುಂದಾಪುರದ ಕಡೆಯ ಹುಡುಗನೊಬ್ಬ ನಮ್ಮಲ್ಲಿ ಸಪ್ಲಾಯರನಾಗಿದ್ದ. ಕೆಲಸದಲ್ಲಿ ಕೊರತೆಯಿಲ್ಲ, ಆದರೆ ಗಿರಾಕಿಗಳೊಡನೆ ನಗೆಯಿಲ್ಲ, ಮಾತಿಲ್ಲ. “ಎರಡು ಮಸಾಲೆ, ಒಂದು ಸಾದಾ” ಎಂದು ಕೂಗುವ ಬದಲು ಅಡುಗೆಮನೆಗೇ ನಡೆದುಹೋಗಿ ಭಟ್ಟರಿಗೆ ಮೆಲ್ಲನೆ ಹೇಳಿ ಬರುವನು. ರಾತ್ರಿ ಬಾಗಿಲೆಳೆದ ಮೇಲೆ ಉಳಿದವರು ಇಸ್ಪೀಟಿಗೆ ಕುಳಿತರೆ ಇವನು ಮೆಟ್ಟಿಲ ಮೇಲೆ ಒಬ್ಬನೇ. “ಹುಡುಗನಿಗೆ ಸೊಕ್ಕು” ಎಂದು ಒಬ್ಬಿಬ್ಬರು ದೂರಿದರು. ನಾವೂ ನಂಬಿ, ಲೆಕ್ಕ ತೀರಿಸಿ ಕಳುಹಿಸಿದೆವು. “ಆಯಿತು ಧಣಿ” ಎಂದಷ್ಟೇ ಹೇಳಿ, ಕಿಸೆಯಿಂದ ಸಣ್ಣ ಪುಸ್ತಕವೊಂದನ್ನು ತೆಗೆದು ಗಲ್ಲದ ಮೇಲಿಟ್ಟು ಹೋದ. ನಿತ್ಯ ಬರುವ ಗಿರಾಕಿಗಳ ವಿಷಯವೆಲ್ಲ ಅದರಲ್ಲಿತ್ತು: ಕಿಟಕಿಯ ಬಳಿಯ ಮುದುಕರಿಗೆ ಸಕ್ಕರೆ ಬೇಡ; ಬ್ಯಾಂಕಿನವರಿಗೆ ಸಾಂಬಾರು ಬೇರೆ ಬಟ್ಟಲಲ್ಲಿ; ಟೈಪಿಸ್ಟ್ ಅಮ್ಮನವರಿಗೆ ಗುರುವಾರ ಉಪವಾಸ. ನಮ್ಮಲ್ಲಿ ಅತಿ ಹೆಚ್ಚು ಮಾತನಾಡುತ್ತಿದ್ದವನಿಗೆ ಇದರಲ್ಲಿ ಕಾಲು ಪಾಲೂ ತಿಳಿದಿರಲಿಲ್ಲ.

ಅನಂತರವೇ ನಾವು ಈ ವಿಷಯದ ಗ್ರಂಥಗಳನ್ನು ಅರಸಿ ಓದತೊಡಗಿದುದು. ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯುಂಗ್ 1921ರಲ್ಲಿ ಪ್ರಕಟಿಸಿದ ಗ್ರಂಥದಿಂದ ಅಂತರ್ಮುಖಿ, ಬಹಿರ್ಮುಖಿ ಎಂಬ ವಿಭಾಗ ಲೋಕಪ್ರಸಿದ್ಧವಾಯಿತು. ಒಬ್ಬನ ಮನಸ್ಸಿನ ಶಕ್ತಿ ಹೊರಗಿನ ಜನರತ್ತ, ವಸ್ತುಗಳತ್ತ ಹರಿಯುವುದು. ಇನ್ನೊಬ್ಬನದು ಒಳಗೆ, ತನ್ನ ಆಲೋಚನೆಗಳತ್ತ ತಿರುಗುವುದು. ಶುದ್ಧ ಒಂದೇ ಬಗೆಯವರು ದುರ್ಲಭ. ಬಹುಮಂದಿ ನಡುವೆ ಎಲ್ಲಿಯೋ ಇರುವರು. 1967ರಲ್ಲಿ ಐಸೆಂಕ್ ಎಂಬ ಪಂಡಿತರು, ಅಂತರ್ಮುಖಿಯ ಮಿದುಳು ಸಹಜವಾಗಿಯೇ ಹೆಚ್ಚು ಎಚ್ಚರದಲ್ಲಿರುವುದರಿಂದ ಗದ್ದಲ ಅವನಿಗೆ ಬೇಗನೆ ಸಾಕಾಗುವುದೆಂದು ವಾದಿಸಿದರು. ನಾಲಗೆಗೆ ಲಿಂಬೆರಸದ ಹನಿಗಳನ್ನು ಬಿಟ್ಟು ಯಾರ ಬಾಯಲ್ಲಿ ಹೆಚ್ಚು ನೀರೂರುವುದೆಂದು ಅಳೆದ ಪರೀಕ್ಷೆಗಳೂ ನಡೆದುವು. ಅಂತರ್ಮುಖಿಗಳಲ್ಲಿ ಸರಾಸರಿ ಹೆಚ್ಚು ಕಂಡಿತಂತೆ. (ಹೊಟೇಲಿನವರಿಗೆ ಇದಕ್ಕಿಂತ ಒಪ್ಪುವ ಪರೀಕ್ಷೆ ಬೇರೆ ಬೇಕೆ?)

ಆದರೆ ಮೌನವೆಲ್ಲ ಒಂದೇ ಅಲ್ಲ. ಮಾತು ಬೇಡವೆನಿಸುವುದು ಸ್ವಭಾವ. ಮಾತು ಬೇಕಿದ್ದರೂ ಹೆದರಿಕೆಯಿಂದ ಗಂಟಲು ಕಟ್ಟುವುದು ಸಂಕೋಚ. ಎರಡನೆಯದಕ್ಕೆ ಗಾಂಧೀಜಿಯವರಿಗಿಂತ ದೊಡ್ಡ ಉದಾಹರಣೆ ಬೇಡ. 1891ರಲ್ಲಿ ಬಾರಿಸ್ಟರರಾಗಿ ಮರಳಿದ ಅವರು ಇದೇ ಮುಂಬಯಿಯ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಮೊದಲ ಮೊಕದ್ದಮೆಗೆ ನಿಂತರು. ಪಾಟೀಸವಾಲಿಗೆಂದು ಎದ್ದಾಗ ತಲೆ ತಿರುಗಿತು. ಒಂದು ಪ್ರಶ್ನೆಯೂ ಹೊರಡಲಿಲ್ಲ. ಕುಳಿತುಬಿಟ್ಟರು, 30 ರೂಪಾಯಿ ಶುಲ್ಕವನ್ನು ಹಿಂದಕ್ಕೆ ಕೊಡುವೆನೆಂದರು. ಅದೇ ಗಾಂಧೀಜಿ 1893ರಲ್ಲಿ ಪ್ರಿಟೋರಿಯಾದ ಭಾರತೀಯ ವರ್ತಕರ ಸಭೆಯಲ್ಲಿ, ವ್ಯಾಪಾರದಲ್ಲಿ ಸತ್ಯವೆಂಬ ವಿಷಯವಾಗಿ ಮಾತನಾಡಿದರು. ಹೇಳಲೇಬೇಕಾದ ವಿಷಯವಿದ್ದಾಗ ನಾಲಗೆ ತಿರುಗಿತು. ಸಂಕೋಚ ತಮಗೆ ಮಿತಭಾಷೆಯನ್ನು ಕಲಿಸಿತೆಂದು ಆತ್ಮಕಥೆಯಲ್ಲಿ ಅವರೇ ಬರೆದಿರುವರು.

ಹಾಗಾದರೆ ಸಂಘದ ವಾರ್ಷಿಕೋತ್ಸವಕ್ಕೆ ಹೋಗಲು ಕಾಲೆಳೆಯುವ ನಮ್ಮ ಗುಮಾಸ್ತ ಬಂಧುಗಳು ಮಾಡತಕ್ಕದ್ದೇನು? ಜನ ತುಂಬುವ ಮೊದಲೇ ಹೋಗಿರಿ. ನಾಲ್ವರಿದ್ದಾಗ ಪರಿಚಯ ಸುಲಭ, ನಾನೂರು ಮಂದಿಯ ನಡುವೆ ಕಷ್ಟ. ಕೈಗೊಂದು ಕೆಲಸ ಬೇಡಿ ಪಡೆಯಿರಿ: ಪಂಕ್ತಿಯಲ್ಲಿ ಬಡಿಸುವವನಿಗೆ ಮಾತಿನ ಹಂಗಿಲ್ಲ, ಎಲ್ಲರೂ ಅವನನ್ನು ಬಲ್ಲರು. ಸಾಹೇಬರಲ್ಲಿ ಬಡ್ತಿಯ ಮಾತೆತ್ತಬೇಕಾದರೆ ಮೂರು ವಾಕ್ಯಗಳನ್ನು ಬರೆದು ಬಾಯಿಪಾಠ ಮಾಡಿಕೊಳ್ಳಿರಿ. ಎಂಟು ಜನರ ಖೋಲಿಯಲ್ಲಿ ಏಕಾಂತ ದೊರೆಯದು, ನಿಜ. ಕೆಲಸ ಬಿಟ್ಟ ಮೇಲೆ ಅರ್ಧ ತಾಸು ಕಡಲ ದಂಡೆಯಲ್ಲೋ ದೇವಸ್ಥಾನದ ಜಗಲಿಯಲ್ಲೋ ಕುಳಿತು ಬನ್ನಿ. ಜೊತೆಗಾರರಿಗೆ ಕಾರಣ ಹೇಳಿ ಹೋಗಿರಿ, ಇಲ್ಲವಾದರೆ ಮುನಿಸೆಂದು ತಿಳಿಯುವರು. ಜನರ ಮುಂದೆ ಉಣ್ಣುವುದಕ್ಕೂ ಅಂಜಿಕೆ, ಕೆಲಸಕ್ಕೆ ಹೋಗುವುದಕ್ಕೂ ಅಂಜಿಕೆ ಎಂಬಂತೆ ತಿಂಗಳುಗಟ್ಟಲೆ ನಡೆದರೆ ಅದು ಸ್ವಭಾವವಲ್ಲ, ರೋಗವಿರಬಹುದು. ವೈದ್ಯರಲ್ಲಿ ಅದಕ್ಕೆ ಚಿಕಿತ್ಸೆ ಇದೆ.

ಧಣಿಗಳಿಗೂ ಒಂದು ಮಾತು: ಮಾತು ಕಡಿಮೆಯೆಂದು ಸಂಬಳ ಕಡಿಮೆ ಮಾಡಬೇಡಿ.

ಆ ಹುಡುಗನನ್ನು ಅನೇಕ ಹೊಟೇಲುಗಳಲ್ಲಿ ವಿಚಾರಿಸಿದೆವು, ಪತ್ತೆಯಾಗಲಿಲ್ಲ. ಪುಸ್ತಕ ನಮ್ಮ ಮೇಜಿನಲ್ಲಿಯೇ ಇದೆ. ಈ ಬರೆಹ ಅವನ ಕಣ್ಣಿಗೆ ಬಿದ್ದರೆ ಒಮ್ಮೆ ಕಚೇರಿಗೆ ಬರಲಿ. ಮಾತನಾಡಬೇಕೆಂದೇನೂ ಇಲ್ಲ, ಕಾಫಿ ಕುಡಿದು ಪುಸ್ತಕ ತೆಗೆದುಕೊಂಡು ಹೋಗಲಿ.