ಎಳ್ಳಮಾವಾಸ್ಯೆಯ ಭಜ್ಜಿ ಮತ್ತು ಜಹೀರಾಬಾದಿನ ಬೀಜ



ಎಳ್ಳಮಾವಾಸ್ಯೆ ಎಂದರೆ ಬೀದರ್, ಕಲಬುರಗಿ ಕಡೆಯವರಿಗೆ ಭಜ್ಜಿಯ ನೆನಪು. ಅವರೆ, ತೊಗರಿ, ಹಸಿಕಡಲೆ, ಸೊಪ್ಪು ಎಂದು ಹೊಲದಲ್ಲಿ ಆಗ ಇರುವುದೆಲ್ಲ ಒಂದೇ ಪಾತ್ರೆಗೆ. ಜೊತೆಗೆ ಸಜ್ಜೆ ರೊಟ್ಟಿ. ಹೈದರಾಬಾದಿನಲ್ಲಿ ಅದಕ್ಕೆ ಮೂರು ಅಂಗಡಿ ಸುತ್ತಬೇಕು. ಊರಲ್ಲಿ ಒಂದೇ ಹೊಲ ಸಾಕಾಗುತ್ತಿತ್ತು, ಏಕೆಂದರೆ ಬಿತ್ತುತ್ತಿದ್ದದ್ದೇ ಹತ್ತಾರು ಬೆಳೆ.

ಅಂಥ ಹೊಲ ನೋಡಬೇಕೆಂದರೆ ದೂರ ಹೋಗಬೇಕಿಲ್ಲ. ಮುಂಬಯಿ ರಸ್ತೆಯಲ್ಲಿ, ಬೀದರಿಗೆ ಇನ್ನೇನು ಹತ್ತಿರವಾಯಿತು ಎನ್ನುವಾಗ ಜಹೀರಾಬಾದ್ ಸಿಗುತ್ತದೆ. ಅಲ್ಲಿನ ಪಸ್ತಾಪುರದಲ್ಲಿ 1983ರಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಆರಂಭವಾಯಿತು. ಕಟ್ಟಿದವರಲ್ಲಿ ಮುಖ್ಯರು ಮೈಸೂರಿನವರೇ ಆದ ಪಿ.ವಿ. ಸತೀಶ್, ಮೊದಲು ದೂರದರ್ಶನದಲ್ಲಿ ನಿರ್ಮಾಪಕರಾಗಿದ್ದರು, 2023ರಲ್ಲಿ ತೀರಿಕೊಂಡರು. ಬೇಸಾಯದ ಜಾಣ್ಮೆ ಮಾತ್ರ ಸಂಘದ ಹೆಣ್ಣುಮಕ್ಕಳದು. ಹೆಚ್ಚಿನವರು ದಲಿತರು, ತುಂಡು ಭೂಮಿಯವರು.

ಜೋಳದ ಸಾಲುಗಳ ನಡುವೆ ಅವರು ತೊಗರಿ ಹಾಕುತ್ತಾರೆ. ಜೋಳ ನಾಲ್ಕು ತಿಂಗಳಲ್ಲಿ ಮನೆಗೆ ಬಂದರೂ ತೊಗರಿ ಇನ್ನೂ ನಿಂತಿರುತ್ತದೆ. ಅದರ ಬೇರು ಆಳಕ್ಕಿಳಿದು ಕೆಳಗಿನ ತೇವ ಹುಡುಕುತ್ತದೆ. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಾಣುಗಳು ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತವೆ. ಉದುರಿದ ಎಲೆ ಗೊಬ್ಬರವಾಗುತ್ತದೆ. ಮಳೆ ನಡುವೆ ಕೈಕೊಟ್ಟರೆ ಒಂದು ಬೆಳೆ ಹೋದೀತು, ಎಲ್ಲವೂ ಹೋಗುವುದು ಅಪರೂಪ. ಸಾಲ ಮಾಡಿ ಒಂದೇ ಬೆಳೆ ಹಾಕಿದವರಿಗೆ ಈ ಧೈರ್ಯ ಇರುವುದಿಲ್ಲ. 1970ರಲ್ಲಿ ಅಮೆರಿಕದಲ್ಲಿ ಹೀಗೇ ಆಯಿತು. ದೇಶದ ಮೆಕ್ಕೆಜೋಳವೆಲ್ಲ ಬಹುಪಾಲು ಒಂದೇ ವಂಶದ್ದು; ಎಲೆರೋಗವೊಂದು ಬಂದು ಸುಮಾರು ಶೇ. 15ರಷ್ಟು ಬೆಳೆ ನುಂಗಿತು.

ಬೀಜ? ನಮ್ಮ ಪಟಾನ್‌ಚೆರುವಿನ ಇಕ್ರಿಸ್ಯಾಟ್‌ನಲ್ಲಿ ಜೋಳ, ಸಜ್ಜೆ, ಕಡಲೆ, ತೊಗರಿ, ಶೇಂಗಾ ಮುಂತಾದವುಗಳ 1.2 ಲಕ್ಷಕ್ಕೂ ಹೆಚ್ಚು ಮಾದರಿಗಳಿವೆ. ದೀರ್ಘಕಾಲ ಉಳಿಯಬೇಕಾದವನ್ನು ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿ ಇಟ್ಟಿದ್ದಾರೆ. ಇದು ಬೇಕೇ ಬೇಕು. ಆದರೆ ಅಲ್ಲಿ ಮಲಗಿದ ಬೀಜಕ್ಕೆ ಈ ವರ್ಷದ ಬಿಸಿಲು, ಈ ವರ್ಷದ ಹುಳ ಗೊತ್ತಾಗುವುದಿಲ್ಲ. ಜಹೀರಾಬಾದಿನ ಹೆಂಗಸರು ಬೂದಿ, ಬೇವಿನೆಲೆ ಬೆರೆಸಿ ಬುಟ್ಟಿಯಲ್ಲಿಟ್ಟ ಬೀಜ ಪ್ರತಿ ವರ್ಷ ಮಣ್ಣಿಗೆ ಬಿದ್ದು ಹೊಸ ಹವೆಗೆ ಹೊಂದಿಕೊಳ್ಳುತ್ತದೆ. ಬೀಜ ಬೇಕಾದವರಿಗೆ ಸಂಘ ಕೊಡುತ್ತದೆ. ಸುಗ್ಗಿಯಲ್ಲಿ ಹೆಚ್ಚು ಸೇರಿಸಿ ಹಿಂತಿರುಗಿಸಿದರಾಯಿತು.

ತಿನ್ನುವವರಿಲ್ಲದಿದ್ದರೆ ಬಿತ್ತುವವರೂ ಇರುವುದಿಲ್ಲ ಎಂಬುದೂ ಅವರಿಗೆ ಗೊತ್ತು. ಅದಕ್ಕೇ ಸಂಕ್ರಾಂತಿಯ ಹೊತ್ತಿಗೆ ಎತ್ತಿನ ಗಾಡಿಗಳಲ್ಲಿ ಬೀಜ ಹೇರಿಕೊಂಡು ಊರೂರಿಗೆ ‘ಪಾತ ಪಂಟಲ ಜಾತರ’ ಒಯ್ಯುವ ಪದ್ಧತಿ ಬೆಳೆಸಿದರು.

ನಮ್ಮ ವೃತ್ತಿಯವಳಾಗಿ ಇನ್ನೊಂದು ಮಾತು ಹೇಳದೆ ಇರಲಾರೆ. 2008ರ ಅಕ್ಟೋಬರ್ 15ರಂದು ಇದೇ ಹೆಂಗಸರು ಮಾಚನೂರಿನಲ್ಲಿ ‘ಸಂಘಂ ರೇಡಿಯೊ’ ಆರಂಭಿಸಿದರು. ಮೈಕಿನ ಮುಂದೆ ಮಾತು, ಬಿತ್ತನೆಯದು, ಅಡುಗೆಯದು, ಹಾಡಿನದು, ಎಲ್ಲ ಅವರದೇ ತೆಲುಗಿನಲ್ಲಿ. ಬರೆದುಕೊಂಡು ಓದುವ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ.

ನಿಮ್ಮ ಮನೆಯ ಭಜ್ಜಿಗೆ ಏನೇನು ಬೀಳುತ್ತದೆ, ಅದರಲ್ಲಿ ಈಗ ಯಾವುದು ಸಿಗುತ್ತಿಲ್ಲ, ಬರೆದು ಕಳಿಸಿ. ಎಳ್ಳಮಾವಾಸ್ಯೆಯ ಕಾರ್ಯಕ್ರಮದಲ್ಲಿ ಓದುತ್ತೇನೆ.