ಹಳೆಯ ಒಲೆಯ ಇಟ್ಟಿಗೆ: ಮಸಿ ತೆಗೆಯುವುದು, ಸಂದು ತುಂಬುವುದು



ಅಡಿಕೆ, ಕಾಫಿ ಗೋಣಿ ಸೇರಿದ ಮೇಲೆ ಮನೆ ದುರಸ್ತಿಯ ಯೋಚನೆ ಬರುವುದು ಸಹಜ. ದೊಡ್ಡ ಬಂಗಲೆಗಳಲ್ಲಿ ಅಗ್ಗಿಷ್ಟಿಕೆ, ನಮ್ಮಂಥವರ ಮನೆಗಳಲ್ಲಿ ಬಚ್ಚಲ ಹಂಡೆಯ ಒಲೆ, ಅಡಿಕೆ ಬೇಯಿಸುವ ಒಲೆ. ಮೂರಕ್ಕೂ ರೋಗ ಒಂದೇ: ಮಸಿ ಹಿಡಿದ ಇಟ್ಟಿಗೆ, ಉದುರುವ ಸಂದು. ಗಾರೆಯವನು ಬಂದೊಡನೆ ಹೇಳುವುದು, "ಸಿಮೆಂಟು ಮೆತ್ತಿಬಿಡೋಣ ಸ್ವಾಮಿ." ಕೆಡುವುದು ಅಲ್ಲೇ.

ಸವದತ್ತಿ ಯಲ್ಲಮ್ಮನ ದರ್ಶನಕ್ಕೆ ಹೋಗುವ ಸದಸ್ಯರು ಧಾರವಾಡದಿಂದ ಕಿತ್ತೂರಿಗೂ ಹೋಗಿಬರಬೇಕು. 1824ರಲ್ಲಿ ಥ್ಯಾಕರೆ ಬಿದ್ದ ಆ ಕೋಟೆಯಲ್ಲಿ ಅರಮನೆಯ ಛಾವಣಿ ಎಂದೋ ಹೋಗಿದೆ. ಸುಣ್ಣದ ಗಾರೆ ಕಂಡ ದಪ್ಪ ಗೋಡೆಗಳು ಇನ್ನೂ ನಿಂತಿವೆ. ಸುಣ್ಣ ಮೆದು. ಗೋಡೆ ಕುಡಿದ ನೀರು ಸಂದಿನ ಮೂಲಕವೇ ಆರಿಹೋಗುತ್ತದೆ. ಸಂದಿಗೆ ಸಿಮೆಂಟು ಬಿಗಿದರೆ ಅದೇ ನೀರು ಉಪ್ಪನ್ನು ಹೊತ್ತು ಇಟ್ಟಿಗೆಯ ಮುಖದಿಂದ ಹೊರಡುತ್ತದೆ, ಮುಖ ಚಕ್ಕೆಯೇಳುತ್ತದೆ. ಒಮ್ಮೆ ಹೋದ ಮುಖ ಮತ್ತೆ ಬಾರದು.

ಒಲೆ ಪೂರ್ತಿ ತಣ್ಣಗಾಗಲಿ. ಮೂಗಿಗೆ ಬಟ್ಟೆ ಕಟ್ಟಿ, ಮೆದು ಕುಂಚದಿಂದ ಮೇಲಿನಿಂದ ಕೆಳಕ್ಕೆ ಒಣ ಮಸಿ ಉದುರಿಸಿ. ತಂತಿ ಬ್ರಷ್ ಬೇಡ. ಮೊದಲು ಇಟ್ಟಿಗೆಗೆ ಬರೀ ನೀರು ಕುಡಿಸಿ. ಇಲ್ಲವಾದರೆ ಕೊಳೆನೀರನ್ನೇ ಹೀರುತ್ತದೆ. ಆಮೇಲೆ ಅಂಟುವಾಳದ ನೀರು, ಜಿಡ್ಡು ಹೆಚ್ಚಿದ್ದರೆ ಸ್ವಲ್ಪ ವಾಷಿಂಗ್ ಸೋಡಾ ಕದಡಿದ ಬಿಸಿನೀರು, ತೆಂಗಿನ ನಾರು. ಮೂಲೆಯಲ್ಲಿ ಒಂದು ಇಟ್ಟಿಗೆಯ ಮೇಲೆ ಪರೀಕ್ಷಿಸಿಯೇ ಮುಂದುವರಿಯಿರಿ. ಸೋಡಾ ಉಳಿದರೆ ಬಿಳಿ ಹಿಟ್ಟು ಏಳುತ್ತದೆ, ಎರಡು ಮೂರು ಸಲ ತೊಳೆಯಿರಿ. ಪೇಟೆಯವರು ಹೇಳುವ ಆಸಿಡ್ ಸುಣ್ಣವನ್ನೇ ತಿನ್ನುತ್ತದೆ; ಅದರ ಹೊಗೆ ಎದೆಗೂ ಕೆಟ್ಟದ್ದು. ಎಷ್ಟು ಉಜ್ಜಿದರೂ ಹೊಸ ಇಟ್ಟಿಗೆಯ ಕೆಂಪು ಬರುವುದಿಲ್ಲ, ಬರಬೇಕೂ ಇಲ್ಲ.

ಸಡಿಲ ಗಾರೆಯನ್ನು ಸಂದಿನ ಅಗಲದ ಎರಡರಷ್ಟು ಆಳ ಕೆತ್ತಿ, ನೀರು ಚಿಮುಕಿಸಿ, ಒಂದು ಪಾಲು ಅರಳಿಸಿದ ಸುಣ್ಣಕ್ಕೆ ಮೂರು ಪಾಲು ಮರಳು ಕಲಸಿ ತುಂಬಿ. ಒದ್ದೆ ಗೋಣಿ ಹೊದಿಸಿ ನಿಧಾನ ಆರಿಸಿ. ಒಂದು ತಿಂಗಳು ಬೆಂಕಿ ಬೇಡ. ಉರಿ ನೇರ ತಾಗುವ ಒಳಮೈಗೆ ನಮ್ಮ ಹಿರಿಯರು ಬಳಸಿದ ಹುತ್ತದ ಮಣ್ಣೇ ಸರಿ. ಮೊದಮೊದಲು ಸಣ್ಣ ಉರಿ.

ಚಿಮಣಿ ಮರೆಯಬೇಡಿ. ಒಳಗೆ ಹೆಪ್ಪುಗಟ್ಟಿದ ಮಸಿ ಹೊತ್ತಿಕೊಂಡರೆ ಮಾಡಿಗೇ ಅಪಾಯ. ಹಕ್ಕಿಗೂಡು ಅಡ್ಡವಿದ್ದರೆ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ನಿಲ್ಲುತ್ತದೆ. ಅದಕ್ಕೆ ವಾಸನೆಯಿಲ್ಲ, ಮಲಗಿದವರು ಏಳದಿರಬಹುದು. ಒಂದು ಪತ್ರಿಕೆಯ ಹಾಳೆ ಹೊತ್ತಿಸಿ, ಹೊಗೆ ಮೇಲೇರುವುದನ್ನು ಕಣ್ಣಾರೆ ಕಂಡ ಮೇಲೆಯೇ ಸೌದೆ ಒಟ್ಟಿ. ತೆಗೆದ ಬೂದಿಯಲ್ಲಿ ಪೊಟ್ಯಾಷ್ ಇದೆ, ಗೊಬ್ಬರದ ಗುಂಡಿಗೆ ಮಿತವಾಗಿ ಸೇರಿಸಿ. ಚಿಮಣಿಯ ಅಂಟುಮಸಿಯನ್ನು ಮಾತ್ರ ಬಾವಿಯಿಂದ ದೂರ ಹೂಳಿ.