ಹಳೆಯ ಸಾಮಾನಿನಿಂದ ಬಿಸಿಗಾಳಿಯ ಬೆಸುಗೆ ಉಪಕರಣ



ಅವರೆ ಹೂ ಬಿಟ್ಟು ಕಾಯಿಕೊರಕ ಕಾಣಿಸಿಕೊಂಡಾಗ ಬ್ಯಾಟರಿ ಸ್ಪ್ರೇಯರ್ ಕೆಟ್ಟರೆ ಏನಾಗುತ್ತದೆಂದು ನಿಮಗೆ ಗೊತ್ತಿದೆ. ರಿಪೇರಿಯಾಗಿ ಬರುವಷ್ಟರಲ್ಲಿ ಹುಳು ಕಾಯಿಯೊಳಗೆ ಸೇರಿರುತ್ತದೆ. ಆಮೇಲೆ ಹೊಡೆದ ಔಷಧಿ ಅದಕ್ಕೆ ತಗಲುವುದಿಲ್ಲ. ಕೆಲವೊಮ್ಮೆ ಪಂಪು, ಬ್ಯಾಟರಿ ಎರಡೂ ಸರಿಯಿದ್ದು, ವೇಗ ನಿಯಂತ್ರಿಸುವ ಕಾರ್ಡಿನ ಒಂದು ಟ್ರಾನ್ಸಿಸ್ಟರ್ ಮಾತ್ರ ಸುಟ್ಟಿರುತ್ತದೆ.

ಇದರ ಕಾಲುಗಳೂ ಬೆನ್ನಿನ ಲೋಹದ ಪಟ್ಟಿಯೂ ಕಾರ್ಡಿನ ಮೇಲೆಯೇ ಬೆಸೆದಿರುತ್ತವೆ. ಸೋಲ್ಡರಿಂಗ್ ಐರನ್ನಿನಿಂದ ಒಂದು ಕಡೆ ಕರಗಿಸುವಷ್ಟರಲ್ಲಿ ಇನ್ನೊಂದು ಕಡೆ ಗಟ್ಟಿಯಾಗುತ್ತದೆ. ಬಲವಂತವಾಗಿ ಎಳೆದರೆ ಕಾರ್ಡಿನ ತಾಮ್ರವೇ ಕಿತ್ತುಬರುತ್ತದೆ. ಬಿಸಿಗಾಳಿಯಾದರೋ ಎಲ್ಲವನ್ನೂ ಒಟ್ಟಿಗೆ ಕರಗಿಸುತ್ತದೆ.

ಬೇಕಾಗುವ ಸಾಮಗ್ರಿ

1. ಒಳಕೊಳವೆ ಎರಡೂ ಕಡೆ ತೆರೆದಿರುವ, ಮರದ ಇಲ್ಲವೆ ಬೇಕಲೈಟ್ ಹಿಡಿಯ 60 ವ್ಯಾಟ್ ಸೋಲ್ಡರಿಂಗ್ ಐರನ್
2. ಮೀನಿನ ತೊಟ್ಟಿಯ ಗಾಳಿ ಪಂಪು, ಸಿಲಿಕೋನ್ ಕೊಳವೆ
3. ಹಳೆಯ ರೇಡಿಯೋ ಏರಿಯಲ್‌ನ ಹಿತ್ತಾಳೆ ತುಂಡು
4. ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್
5. ಮೂರು ಪಿನ್ನಿನ ವೈರು

ಸೋಂಪುರ ಹೋಬಳಿಯವರು ಇವನ್ನು ಮೊದಲು ದಾಬಸ್‌ಪೇಟೆಯ ಗುಜರಿಯಲ್ಲಿ ವಿಚಾರಿಸಬಹುದು. ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಿದೆ. ಕೂದಲು ಒಣಗಿಸುವ ಯಂತ್ರ ಈ ಕೆಲಸಕ್ಕೆ ಬಾರದು. ಅದರ ಗಾಳಿ ಹೆಚ್ಚು, ಬಿಸಿ ಕಡಿಮೆ. ನಿಮಿಷಕ್ಕೆ 4 ಲೀಟರ್ ಗಾಳಿಯನ್ನು 300 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಲು ಲೆಕ್ಕದಲ್ಲಿ ಸುಮಾರು 22 ವ್ಯಾಟ್ ಸಾಕು. ದಾರಿಯಲ್ಲಿ ಸೋರುವ ಶಾಖವನ್ನು ಸೇರಿಸಿದರೂ 60 ವ್ಯಾಟ್ ಸಾಲುತ್ತದೆ.

ಮಾಡುವ ವಿಧಾನ

ಐರನ್ನಿನ ತಾಮ್ರದ ಮೊನೆಯನ್ನು ತೆಗೆಯಿರಿ. ಆ ಜಾಗದಲ್ಲಿ ತೆಳು ತಾಮ್ರದ ತಂತಿಯನ್ನು ಸಡಿಲವಾಗಿ ಸುತ್ತಿ ತುಂಬಿರಿ. ಗಾಳಿ ಅದರ ನಡುವೆ ಹಾಯುವಾಗ ಚೆನ್ನಾಗಿ ಕಾಯುತ್ತದೆ. ತಂತಿಯ ತುದಿ ಹಿಂಬದಿಯ ವಿದ್ಯುತ್ ಜೋಡಣೆಗಳನ್ನು ಎಂದೂ ಮುಟ್ಟಬಾರದು. ಬಾಯಿಗೆ ಹಿತ್ತಾಳೆ ತುಂಡನ್ನು ಬಿಗಿಯಾಗಿ ಕೂರಿಸಿರಿ. ಹಿಡಿಯಲ್ಲಿ ರಂಧ್ರ ಕೊರೆದು ಗಾಳಿ ಕೊಳವೆಯನ್ನು ತೂರಿಸಿ, ಗಾಳಿ ಸೋರದಂತೆ ಮೆತ್ತಿರಿ. ರೆಗ್ಯುಲೇಟರನ್ನು ಐರನ್ನಿಗೆ ಮಾತ್ರ ಜೋಡಿಸಿ, ಪಂಪಿಗೆ ಬೇರೆ ಸ್ವಿಚ್ ಇಡಿ. ಲೋಹದ ಕವಚಕ್ಕೆ ಅರ್ತ್ ತಂತಿ ಕಡ್ಡಾಯ. ಬಳಸುವ ಮುನ್ನ ಎಲೆಕ್ಟ್ರಿಷಿಯನ್ನರಿಂದ ಪರೀಕ್ಷೆ ಮಾಡಿಸಿರಿ.

ಬಳಸುವ ಕ್ರಮ

ಮೊದಲು ಗಾಳಿ, ಆಮೇಲೆ ಬಿಸಿ. ನಿಲ್ಲಿಸುವಾಗ ಮೊದಲು ಬಿಸಿ, ಐದು ನಿಮಿಷದ ನಂತರ ಗಾಳಿ. ಈ ಕ್ರಮ ತಪ್ಪಿದರೆ ಕಾಯಿಲ್ ಸುಡುತ್ತದೆ, ಕೊಳವೆ ಹಾಳಾಗುತ್ತದೆ. ಬಾಯಿಯಿಂದ ಒಂದು ಸೆಂಟಿಮೀಟರ್ ದೂರದಲ್ಲಿ ಹಿಡಿದ ಬೆಸುಗೆ ತಂತಿ ಕರಗಿದರೆ ಉಪಕರಣ ಸಿದ್ಧ. ತವರ–ಸೀಸದ ಬೆಸುಗೆ 183 ಡಿಗ್ರಿಯಲ್ಲಿ, ಸೀಸವಿಲ್ಲದ ಸಾಮಾನ್ಯ ಬೆಸುಗೆ ಸುಮಾರು 217 ಡಿಗ್ರಿಯಲ್ಲಿ ಕರಗುತ್ತದೆ. ಲೋಹದ ಪಟ್ಟಿ ದಪ್ಪವಾಗಿದ್ದರೆ ಮತ್ತೊಂದು ಐರನ್ನನ್ನು ಅದಕ್ಕೆ ತಾಗಿಸಿ ಹಿಡಿಯಿರಿ. ಬೆಸುಗೆ ಪೂರ್ತಿ ಹೊಳೆದ ಮೇಲೆಯೇ ಇಕ್ಕಳದಿಂದ ಎತ್ತಿರಿ. ಹೊಸದನ್ನು ಅದೇ ನಂಬರಿನದು, ಅದೇ ದಿಕ್ಕಿಗೆ ಕೂರಿಸಿರಿ.

ಎಚ್ಚರಿಕೆ

• ಬ್ಯಾಟರಿಯನ್ನು ಬಿಚ್ಚಿ, ಕಾರ್ಡನ್ನು ಹೊರತೆಗೆದು, ಔಷಧಿ ಅಂಟಿದ್ದರೆ ಒರೆಸಿ ಒಣಗಿಸಿರಿ. ಕೀಟನಾಶಕಕ್ಕೆ ಬಿಸಿ ತಗಲಿದರೆ ವಿಷದ ಹೊಗೆ ಏಳುತ್ತದೆ.
• ಕೆಲಸ ಗಾಳಿಯಾಡುವ ಕಡೆ ನಡೆಯಲಿ, ಮಕ್ಕಳು ದೂರವಿರಲಿ. ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ.
• ಬೋರ್‌ವೆಲ್ ಸ್ಟಾರ್ಟರಿಗೆ ಕೈಹಾಕಬೇಡಿ. ಅಲ್ಲಿರುವುದು 415 ವೋಲ್ಟ್. ಈ ಉಪಕರಣ 12 ವೋಲ್ಟಿನ ಸ್ಪ್ರೇಯರ್, ಟಾರ್ಚುಗಳಂಥ ಸಾಧನಗಳ ಕಾರ್ಡಿಗೆ ಮಾತ್ರ.

ಬಿಡುವಿನ ದಿನಗಳಲ್ಲೇ ಇದನ್ನು ಸಿದ್ಧಪಡಿಸಿ, ಕೆಟ್ಟ ಹಳೆಯ ಕಾರ್ಡುಗಳ ಮೇಲೆ ಕೈ ಪಳಗಿಸಿಕೊಳ್ಳಿ. ಅವರೆ ಹೂವಿಗೆ ಬರುವ ಹೊತ್ತಿಗೆ ಸ್ಪ್ರೇಯರ್ ಜೊತೆಗೆ ನಿಮ್ಮ ಕೈಯೂ ತಯಾರಾಗಿರಲಿ.